ಸ್ಕೋಕಿಯ ಅಜ್ಜಿಗೆ ‘ಹೋಗಿ ಬರ್ತೀನಿ’ ಅಂದೆ

ನಡುವಯಸ್ಸು ದಾಟಿದ ಮೇಲೆ ಮನುಷ್ಯರಿಗೆ ಏನಾದರೊಂದು ಗೀಳು ಹಿಡಿಯುವುದು ಸಹಜ. ಡೆಟ್ರಾಯಿಟ್ ಪಕ್ಕದ ನಮ್ಮ ಪ್ಲಿಮತ್ತಿನ ಬಳಗದಲ್ಲಿ ಒಬ್ಬರು ಟ್ರೆಡ್‌ಮಿಲ್ ಕೊಂಡು ಅದರ ಮೇಲೆ ಬಟ್ಟೆ ಒಣಗಹಾಕುತ್ತಿದ್ದಾರೆ. ಇನ್ನೊಬ್ಬರು ಮಿಶಿಗನ್ನಿನ ಚಳಿಯಲ್ಲಿ ಕರಿಬೇವಿನ ಗಿಡ ಬದುಕಿಸುತ್ತೇನೆಂದು ಹಟ ಹಿಡಿದು, ಬಿಸಿಲು ಬೀಳುವ ಮಲಗುವ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟು, ತಾವು ಸೋಫಾದ ಮೇಲೆ ಮಲಗುತ್ತಾರೆ. ಇವರಿಗೆ ಹೋಲಿಸಿದರೆ ನನ್ನ ಗೀಳು ಬಹಳ ಸಾಧು, ಮನೆಯಲ್ಲಿ ಜಾಗವನ್ನೂ ಬೇಡುವುದಿಲ್ಲ ಎಂದುಕೊಂಡಿದ್ದೆ. ನಾನು ಆನ್‌ಲೈನಿನಲ್ಲಿ ವೆಲ್ಷ್ ಭಾಷೆ ಕಲಿಯುತ್ತಿದ್ದೇನೆ.

ಯಾಕೆ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ತಪ್ಪೆಲ್ಲ ಅನ್ವಿಯದು. ಭಾನುವಾರ ಲೈಬ್ರರಿಯ ಒಂದು ಕೋಣೆಯಲ್ಲಿ ಇಲ್ಲೇ ಹುಟ್ಟಿದ ಮಕ್ಕಳಿಗೆ ನಾನು ಕನ್ನಡ ಹೇಳಿಕೊಡುತ್ತೇನೆ. ಮಕ್ಕಳು ಬರುವುದು ಅಪ್ಪ ಅಮ್ಮ ಕಾರಿನಲ್ಲಿ ತಂದು ಇಳಿಸುವುದರಿಂದ. ಬಾಗಿಲಿಗೆ ಬೀಗ ಇಲ್ಲದಿದ್ದರೂ ಓಡಿಹೋಗದೆ ಕೂರುವುದು ಅವರ ಸೌಜನ್ಯ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. “ಕನ್ನಡದಲ್ಲಿ ಹೇಳು” ಎನ್ನುವುದು ನನ್ನ ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ, ಒಮ್ಮೆ ಗ್ಯಾಸ್ ಸ್ಟೇಷನ್ನಿನ ಹುಡುಗಿಗೂ ಹೇಳಿಬಿಟ್ಟಿದ್ದೆ. ಒಂದು ದಿನ ಅನ್ವಿ ಎಂಬ ಪುಟ್ಟ ಹುಡುಗಿ ಕೈಯೆತ್ತಿ, “ಆಂಟಿ, ನಿಮಗೆ ಬೇಡದೇ ಇರೋ ಲ್ಯಾಂಗ್ವೇಜ್ ಯಾವ್ದಾದ್ರೂ ನೀವು ಕಲ್ತಿದೀರಾ?” ಅಂತ ಕೇಳಿದಳು. ಅದೂ ಕನ್ನಡದಲ್ಲೇ! ಬೈಯಲು ಕಾರಣ ಸಿಗಲಿಲ್ಲ.

ಅವತ್ತೇ ಮನೆಗೆ ಬಂದು ನನಗೆ ಖಂಡಿತ ಬೇಡದ ಭಾಷೆ ಯಾವುದು ಎಂದು ಹುಡುಕಿದೆ. ತೆಲುಗು ಆಫೀಸಿನಲ್ಲಿ ಉಪಯೋಗಕ್ಕೆ ಬರುತ್ತದೆ, ಸ್ಪ್ಯಾನಿಷ್ ಅಂಗಡಿಯಲ್ಲಿ. ವೆಲ್ಷ್ ಆಡುವ ವೇಲ್ಸ್ ದೇಶದವರನ್ನು ನಾನು ಕಣ್ಣಿಂದ ಕಂಡೇ ಇರಲಿಲ್ಲ. ಅಲ್ಲಿಂದ ಎಲೆನ್ ಎಂಬ ಹೆಣ್ಣುಮಗಳು ಶನಿವಾರಗಳಲ್ಲಿ ಪಾಠ ಮಾಡುತ್ತಾಳೆಂದು ತಿಳಿದು, ಹೆಸರು ಕೊಟ್ಟೆ. ನಮ್ಮ ಯಜಮಾನರು ಬಾಗಲಕೋಟೆಯವರು, ಇಲ್ಲಿ ಮಕ್ಕಳ ಡಾಕ್ಟರು. ಸುದ್ದಿ ಕೇಳಿ ಕನ್ನಡಕ ತೆಗೆದು ನನ್ನನ್ನು ಪರೀಕ್ಷಿಸುವವರಂತೆ ನೋಡಿದರು. “ಅಲ್ಲಾ, ಮದಿವ್ಯಾಗಿ ಇಷ್ಟ ವರ್ಷ ಆತು, ನಮ್ಮವ್ವ ಮಾತಾಡೋದು ನಿನಗ ಇನ್ನೂ ಪೂರಾ ತಿಳಿಯಂಗಿಲ್ಲ. ಈಗ ವೆಲ್ಷ್ ಕಲಿಯಾಕ ಹೊಂಟೀಯೇನು?” ಎಂದರು.

ಮೊದಮೊದಲು ನಾನೇ ತರಗತಿಯ ಜಾಣೆ. ಆ ಭಾಷೆಯಲ್ಲಿ ಪದದ ಮೊದಲ ಅಕ್ಷರ ಹೇಳದೆ ಕೇಳದೆ ಬದಲಾಗುತ್ತದೆ. ಅವರ ದೇಶದ ಹೆಸರು ಕಮ್ರಿ. ‘ಕಮ್ರಿಗೆ ಸ್ವಾಗತ’ ಅನ್ನುವಾಗ ಅದು ಗಮ್ರಿ. ಓಹಾಯೋದ ನಿವೃತ್ತ ಮೇಷ್ಟರೊಬ್ಬರು ತಲೆ ಹಿಡಿದುಕೊಂಡು ಕೂತರು. ನಾನು ಒಳಗೊಳಗೇ ನಗುತ್ತಿದ್ದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದನ್ನು ಮೈಸೂರಿನ ಸ್ಕೂಲಿನಲ್ಲಿ ಬೆತ್ತದ ಎದುರು ನಿಂತು ಕಲಿತವಳಿಗೆ ಇದೆಂಥ ಕಷ್ಟ! ಆದರೆ ಎರಡು ‘ಎಲ್’ ಒಟ್ಟಿಗೆ ಬಂದಾಗ ನನ್ನ ಜಂಬ ಇಳಿಯಿತು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿಟ್ಟು ಪಕ್ಕದಿಂದ ಗಾಳಿ ಬಿಡಬೇಕಂತೆ. ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಇವರು ಎದ್ದು ಬಂದು ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ನೋಡಿದರು.

ಸ್ವಲ್ಪ ದಿನಕ್ಕೆ ಎಲೆನ್, ಮಾತಿನ ಅಭ್ಯಾಸಕ್ಕೆಂದು ಪ್ರತಿಯೊಬ್ಬರಿಗೂ ಒಬ್ಬ ವೆಲ್ಷ್ ಮನೆಮಾತಿನವರನ್ನು ಜೊತೆಮಾಡಿದಳು. ನನಗೆ ಸಿಕ್ಕವರು ಶಿಕಾಗೋ ಪಕ್ಕದ ಸ್ಕೋಕಿಯ ಮೈರ್ ಅಜ್ಜಿ. “ನಿಮ್ಮ ಪಕ್ಕದಲ್ಲೇ ಇದ್ದಾರೆ” ಎಂದಳು ಎಲೆನ್. ವೇಲ್ಸಿನಲ್ಲಿ ಕೂತು ನೋಡಿದರೆ ಡೆಟ್ರಾಯಿಟ್ ಶಿಕಾಗೋ ಎರಡೂ ಅಕ್ಕಪಕ್ಕದ ಬೀದಿಗಳು. ನಡುವೆ ಮುನ್ನೂರು ಮೈಲಿಗೆ ಚೂರು ಕಡಿಮೆ ದಾರಿ, ಒಂದು ಮಹಾಸರೋವರ, ಒಂದು ಗಂಟೆಯ ಸಮಯದ ವ್ಯತ್ಯಾಸ ಇವೆ ಎಂದು ನಾನು ಹೇಳಲು ಹೋಗಲಿಲ್ಲ. ಮೈರ್ ಅಜ್ಜಿ ಅಮೆರಿಕದವರನ್ನು ಮದುವೆಯಾಗಿ ಎಳೆಯ ವಯಸ್ಸಿನಲ್ಲೇ ಇಲ್ಲಿಗೆ ಬಂದವರು. ಗಂಡ ಈಗಿಲ್ಲ. ಮಕ್ಕಳು ಬೇರೆ ಬೇರೆ ರಾಜ್ಯಗಳಲ್ಲಿದ್ದಾರೆ, ಯಾರಿಗೂ ವೆಲ್ಷ್ ಬಾರದು. ಸುತ್ತಮುತ್ತ ಅವರ ಭಾಷೆಯಲ್ಲಿ ಮಾತಾಡುವವರು ಯಾರೂ ಇಲ್ಲದ್ದರಿಂದ ಈ ಕೆಲಸಕ್ಕೆ ಒಪ್ಪಿಕೊಂಡಿದ್ದರು. ನಿಯಮ ಒಂದೇ: ಫೋನಿನಲ್ಲಿ ಇಂಗ್ಲಿಷ್ ಆಡಕೂಡದು.

ಹಾಗಾಗಿ ನಮ್ಮ ಸಂಭಾಷಣೆ ಸರಳವಾಗಿತ್ತು. ಹೊರಗೆ ಚಳಿ ಇದೆ. ಹೌದು, ಚಳಿ ಇದೆ. ನನಗೆ ಕಾಫಿ ಇಷ್ಟ. ಒಳ್ಳೆಯದು. ಆಮೇಲೆ ನಾನು ನಿಘಂಟು ನೋಡಿ ತಯಾರಿಸಿಟ್ಟುಕೊಂಡ “ಊಟ ಆಯ್ತಾ?” ಕೇಳುತ್ತಿದ್ದೆ. ಅದನ್ನು ಕೇಳದೆ ಯಾರ ಜೊತೆಗಾದರೂ ಹೇಗೆ ಮಾತಾಡುವುದು? ತೊಂದರೆ ಶುರುವಾದದ್ದು ಫೋನ್ ಇಡುವಾಗ. ವಿದಾಯಕ್ಕೆ ಎಲೆನ್ ಏನೋ ಪುಟ್ಟ ಪದ ಕಲಿಸಿದ್ದಳು, ಬಾಯಿಗೆ ಹಿತವಾಗಲಿಲ್ಲ. ‘ಹೋಗುತ್ತೇನೆ’ ಅಂತ ಅನ್ನುವುದಂತೂ ಸಾಧ್ಯವೇ ಇಲ್ಲ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅಂದರೆ ನಮ್ಮಜ್ಜಿ ಒಳಗೆ ಕರೆದು, ನೀರು ಕುಡಿಸಿ, “ಬರ್ತೀನಿ ಅನ್ನು” ಎಂದು ಮತ್ತೆ ಕಳಿಸುತ್ತಿದ್ದರು. ವಯಸ್ಸಾದ ಹೆಂಗಸಿಗೆ ನಾನು ಅಶುಭ ನುಡಿಯಲೇ? ವೆಲ್ಷಿನಲ್ಲಿ ಪದಕ್ಕೆ ಪದ ಜೋಡಿಸಿ, ‘ಈಗ ಹೋಗಿ ಬರುತ್ತೇನೆ’ ಎಂದೆ. ಬರೀ ‘ಬರುತ್ತೇನೆ’ ಒರಟಾಗಿ ಕೇಳಿಸೀತೆಂದು, ಹಿರಿಯರ ಮರ್ಯಾದೆಗಾಗಿ ‘ನಿಮ್ಮ ಮನೆಗೆ’ ಎಂದೂ ಸೇರಿಸಿದೆ. ಅಜ್ಜಿ ಸಂತೋಷದಿಂದ ಏನೇನೋ ಹೇಳಿದರು. ಅದರಲ್ಲಿ ‘ಪನೆದ್’ ಎಂಬುದು ಮಾತ್ರ ಗೊತ್ತಾಯಿತು. ಪನೆದ್ ಅಂದರೆ ಒಂದು ಕಪ್ ಟೀ. ಪಾಪ, ಅವರ ಟೀ ಹೊತ್ತಾಯಿತೇನೋ ಎಂದು ಫೋನ್ ಇಟ್ಟೆ. ಆಮೇಲೆ ಪ್ರತಿ ಶನಿವಾರವೂ ಇದೇ ನಡೆಯಿತು. ನಾನು ಬರುತ್ತೇನೆ ಅನ್ನುವುದು, ಅವರು ಪನೆದ್ ಅನ್ನುವುದು.

ಹಿಮ ಕರಗಿ ರಸ್ತೆಯ ಗುಂಡಿಗಳೆಲ್ಲ ಬಾಯಿಬಿಟ್ಟ ಕಾಲದಲ್ಲಿ ಎಲೆನ್ ನನಗೊಬ್ಬಳಿಗೇ ಫೋನ್ ಮಾಡಿದಳು. “ನೀವು ಮೈರ್ ಮನೆಗೆ ಯಾವಾಗ ಹೋಗುತ್ತೀರಿ?” ಎಂದಳು. ನಾನು, “ಯಾರು ಹೇಳಿದರು ಹೋಗುತ್ತೇನೆಂದು?” ಎಂದೆ. “ನೀವೇ. ವಾರವಾರವೂ” ಎಂದಳು. ನನ್ನ ಫೋನ್ ಮುಗಿದ ಕೂಡಲೇ ಆ ಅಜ್ಜಿ ಒಣದ್ರಾಕ್ಷಿ ಹಾಕಿದ ಕೇಕ್ ಬೇಯಿಸಿ, ಎರಡು ಕಪ್ಪು ಇಟ್ಟು, ಕಿಟಕಿಯ ಹತ್ತಿರ ಕೂರುತ್ತಿದ್ದರಂತೆ. ಸಂಜೆಗೆ ಆ ಕೇಕು ಪಕ್ಕದ ಮನೆಗೆ. ಮೊದಲು ದಾರಿಯಲ್ಲಿ ಹಿಮ ಬಿದ್ದಿರಬೇಕು ಎಂದುಕೊಂಡರು. ಆಮೇಲೆ ನನಗೆ ಹುಷಾರಿಲ್ಲವೇನೋ ಎಂದು ಚಿಂತಿಸಿದರು. ‘ಅವಳನ್ನು ಕೇಳಬೇಡ, ಮುಜುಗರ ಆದೀತು’ ಎಂದು ಎಲೆನ್‌ಗೆ ತಾಕೀತು ಬೇರೆ. ನಾನು ಗಾಬರಿಯಿಂದ ನಮ್ಮ ಪದ್ಧತಿಯನ್ನು ವಿವರಿಸಿದೆ. ನಮ್ಮಲ್ಲಿ ಹೊರಡುವಾಗ ಬರುತ್ತೇನೆ ಅನ್ನುತ್ತೇವೆ, ಅದರ ಅರ್ಥ ಬರುತ್ತೇವೆ ಅಂತಲ್ಲ ಎಂದೆ. ಎಲೆನ್ ಯೋಚಿಸಿ, “ಹಾಗಾದರೆ ನಿಜವಾಗಿ ಬರುವುದಿದ್ದರೆ ಏನನ್ನುತ್ತೀರಿ?” ಎಂದು ಕೇಳಿದಳು.

ನನಗೆ ನಿಜಕ್ಕೂ ಸಂಕಟವಾಯಿತು. ಕಿಟಕಿಯ ಹತ್ತಿರ ಕೂತ ಆ ಜೀವ ಕಣ್ಣ ಮುಂದಿನಿಂದ ಹೋಗಲಿಲ್ಲ. ಬರುವ ಯೋಚನೆಯೇ ನನಗಿರಲಿಲ್ಲ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ? ವೆಲ್ಷಿನಲ್ಲಿ ಹೇಳೋಣವೆಂದರೆ ‘ಇರಲಿಲ್ಲ’ ಎನ್ನುವುದು ಇನ್ನೂ ಪಾಠದಲ್ಲಿ ಬಂದಿಲ್ಲ. ಅದನ್ನು ಕಲಿಯುವುದಕ್ಕಿಂತ ಸ್ಕೋಕಿಗೆ ಹೋಗುವುದೇ ಸುಲಭ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಧಾರಿಸಿಕೊಂಡು, “ಶನಿವಾರ ಮುಂಜಾನೆ ಲಗೂನ ಎದ್ದು ಹೋಗೂಣು. ಪಾಪ, ಮುದುಕಿ ಹಾದಿ ಕಾಯ್ತಿರ್ತಾಳ” ಎಂದು ತಾವೇ ಕಾರಿಗೆ ಗ್ಯಾಸ್ ತುಂಬಿಸಿಕೊಂಡು ಬಂದರು.

ಎಲೆನ್ ಹತ್ತಿರ ವಿಳಾಸ ತೆಗೆದುಕೊಂಡು, ಪುಳಿಯೋಗರೆ, ಕೋಡುಬಳೆ ಕಟ್ಟಿಕೊಂಡು ಹೊರಟೆವು. ಕಲಮಜೂ ದಾಟುವಾಗ ಮಗಳು ಶ್ರುತಿಯ ಫೋನ್ ಬಂತು. ಅವಳು ಕೆಲಸದ ಮೇಲೆ ಸ್ಕೋಕಿಗೆ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿದ್ದಾಳೆ. “ವೇಟ್, ನನ್ನ ನೋಡೋಕೆ ಬಾ ಅಂದ್ರೆ ಬ್ಯಾಕ್ ಪೇನ್ ಅಂತೀಯ, ಈಗ ಯಾರೋ ವೆಲ್ಷ್ ಲೇಡಿಗೋಸ್ಕರ ಡ್ರೈವ್ ಮಾಡ್ಕೊಂಡ್ ಬರ್ತಿದೀಯಾ? ಸೀರಿಯಸ್ಲೀ, ಅಮ್ಮ?” ಎಂದವಳು, ನೋಡಲೇಬೇಕೆಂದು ತಾನೂ ಸ್ಕೋಕಿಗೆ ಬಂದಳು.

ಇಟ್ಟಿಗೆಯ ಪುಟ್ಟ ಮನೆ. ನಾವು ಕಾರು ನಿಲ್ಲಿಸುವ ಮೊದಲೇ ಬಾಗಿಲು ತೆರೆಯಿತು. ಬೆಳ್ಳಿ ಕೂದಲಿನ ಮೈರ್ ಅಜ್ಜಿ ನನ್ನ ಎರಡೂ ಕೈ ಹಿಡಿದು, ಫೋನಿನಲ್ಲಿ ಎಂದೂ ಆಡದಷ್ಟು ವೇಗವಾಗಿ ವೆಲ್ಷ್ ಆಡಲಾರಂಭಿಸಿದರು. ಕಾದು ಕಾದು ಸಿಕ್ಕ ಕಿವಿ ಅದು. ನಾನು ಕಲಿತದ್ದೆಲ್ಲ ಆ ಕ್ಷಣಕ್ಕೆ ಆವಿಯಾಗಿ ಹೋಯಿತು. “ಯೆಸ್, ಯೆಸ್, ಟ್ರಾಫಿಕ್ ವಾಸ್ ವೆರಿ ಬ್ಯಾಡ್” ಎಂದೆ. ಹಿಂದಿನಿಂದ ಶ್ರುತಿಯ ದನಿ ಕೇಳಿಸಿತು: “ಅಮ್ಮ, ಇಂಗ್ಲಿಷ್ ಬೇಡ. ವೆಲ್ಷ್‌ನಲ್ಲಿ ಹೇಳು.” ಸ್ವಚ್ಛ ಕನ್ನಡ! ಅವಳ ಬಾಲ್ಯವಿಡೀ ನಾನು ಹೇಳಿದ ಧಾಟಿಯನ್ನೂ ಬಿಟ್ಟಿರಲಿಲ್ಲ. ನಾನು ಸಾವರಿಸಿಕೊಂಡು, ನೆನಪಿಗೆ ಬಂದ ಒಂದೇ ವಾಕ್ಯವಾದ “ಊಟ ಆಯ್ತಾ?” ಕೇಳಿದೆ. ಅಜ್ಜಿ ನಕ್ಕುಬಿಟ್ಟರು. ನನ್ನ ಮೇಲಿನ ಕನಿಕರಕ್ಕೆ ತಾವೇ ನಿಯಮ ಮುರಿದು ಇಂಗ್ಲಿಷಿನಲ್ಲಿ, “ನನ್ನ ಮಕ್ಕಳು ಮಾತ್ರೆ ತಗೊಂಡೆಯಾ ಅಂತ ಕೇಳುತ್ತಾರೆ. ಊಟ ಮಾಡಿದೆಯಾ ಅಂತ ಕೇಳುವವಳು ನೀನೊಬ್ಬಳೇ” ಎಂದರು. ನನ್ನ ಕಣ್ಣು ತುಂಬಿ ಬಂತು. ಇವರು ಕೇಕಿನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಅಜ್ಜಿ ಕೋಡುಬಳೆಯನ್ನು ಟೀಯಲ್ಲಿ ಅದ್ದಿ ತಿಂದರು.

ಹೊರಡುವ ಹೊತ್ತಾಯಿತು. ಎಲೆನ್ ಕಲಿಸಿದ ಆ ಪುಟ್ಟ ವಿದಾಯದ ಪದವನ್ನೇ ಹೇಳಬೇಕೆಂದು ದಾರಿಯುದ್ದಕ್ಕೂ ಉರುಹೊಡೆದಿದ್ದೆ. ಇವರೂ ಚಪ್ಪಲಿ ಹಾಕಿಕೊಳ್ಳುತ್ತಾ, “ನೋಡು, ಬರ್ತೀನಂತ ಮತ್ತ ಬಾಯಿಬಿಟ್ಟೀ” ಎಂದು ಎಚ್ಚರಿಸಿದ್ದರು. ಆದರೆ ಹೊಸಿಲಿನಲ್ಲಿ ನಿಂತ ಆ ಮುಖ ನೋಡಿದಾಗ ಉರುಹೊಡೆದದ್ದು ಎಲ್ಲಿ ಹೋಯಿತೋ. “ಹೋಗಿ ಬರುತ್ತೇನೆ, ನಿಮ್ಮ ಮನೆಗೆ” ಎಂದೇಬಿಟ್ಟೆ. ಅಜ್ಜಿ ಈ ಸಲ ಪನೆದ್ ಅನ್ನಲಿಲ್ಲ. “ಪ್ರಿಡ್?” ಎಂದರು. ಪ್ರಿಡ್ ಅಂದರೆ ಯಾವಾಗ. ಅವತ್ತು ಅವರಾಡಿದ ವೆಲ್ಷಿನಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ. ಉತ್ತರ ಹೇಳೋಣವೆಂದರೆ ತಿಂಗಳ ಹೆಸರುಗಳು ಇನ್ನೂ ಕಲಿತಿಲ್ಲ. ಮುಂದಿನ ದಿನಗಳ ಬಗ್ಗೆ ನನಗೆ ಬರುತ್ತಿದ್ದದ್ದು ಒಂದೇ ಪದ. ಅದನ್ನೇ ಹೇಳಿದೆ.

ಅಜ್ಜಿಯ ಮುಖ ಅರಳಿತು. ಕಾರಿನಲ್ಲಿ ಕೂತ ಮೇಲೆ ಇವರು, “ಏನಂದಿ?” ಎಂದು ಕೇಳಿದರು.

“ನಾಳೆ” ಎಂದೆ.

ಅವತ್ತು ರಾತ್ರಿ ಶ್ರುತಿಯ ಮನೆಯಲ್ಲೇ ಉಳಿದೆವು. ಬೆನ್ನು ನೋವೇನೂ ಕಾಣಿಸಲಿಲ್ಲ. ಮಾರನೆಯ ದಿನದ ಕನ್ನಡ ತರಗತಿಗೆ ರಜೆ ಹಾಕಿ ‘ಮುಂದಿನ ವಾರ ಬರ್ತೀನಿ’ ಎಂದು ಪೋಷಕರಿಗೆಲ್ಲ ಮೆಸೇಜು ಕಳಿಸಿದೆ. ಮೊದಲು ಉತ್ತರ ಬಂದದ್ದು ಅನ್ವಿಯ ಅಮ್ಮನಿಂದ: “ಪರವಾಗಿಲ್ಲ ಮೇಡಂ. ಅನ್ವಿ ಕೇಳ್ತಿದಾಳೆ, ಆಂಟಿ ಮುಂದಿನ ವಾರ ಬರ್ತೀನಿ ಅಂದಿದಾರಲ್ಲ, ನಿಜವಾಗ್ಲೂ ಬರ್ತಾರಾ?”