ಕೆಂಡಣ್ಣನ ಸೋದರಮಾವ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹೊಂಬಾಳಮ್ಮ ಗೋಡೆಯ ಮೇಲಿಂದ ಇಣುಕಿ ಹೇಳಿದ ಮಾತಿಗೆ, ಚಿತ್ತೇಶನ ಬಾಯಲ್ಲಿದ್ದ ಇಡ್ಲಿ ಮುಂದಕ್ಕೆ ಹೋಗಲೊಲ್ಲದೆ ಗಂಟಲಲ್ಲೇ ಧರಣಿ ಕುಳಿತಿತು.

“ಇವತ್ತು ಸಾಯಂಕಾಲ ಕೆಂಡಣ್ಣನ್ನ ನೋಡಕ್ಕೆ ಚಿಕ್ಕನಾಯಕನಹಳ್ಳಿಯಿಂದ ತೋಂಟದಾರ್ಯ ಮೇಷ್ಟ್ರು ಬತ್ತಾವ್ರೆ ಕಣಪ್ಪ. ನಮ್ಮ ತಮ್ಮ ಬಸವರಾಜುಗೆ ಪಾಠ ಹೇಳಿದೋರು. ಜೀವಮಾನವೆಲ್ಲ ಹಿಂದಿನೇ ಹೇಳ್ಕೊಟ್ಟೋರು. ನಿನ್ನ ಹಿಂದಿ ಹೆಂಗೈತೆ ಅಂತ ಅವರೂ ವಸಿ ಕೇಳ್ಲಿ. ಬಸವರಾಜು ಒಂದು ವಿಚಾರ ಮಾಡವ್ನೆ. ಅದನ್ನ ಆಮೇಲೆ ಹೇಳ್ತೀನಿ.”

ಕೆಂಡಣ್ಣನೆಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಯೊಂದರ ನಾಯಕ. ಅಂಗೈಯಲ್ಲಿ ಕೆಂಡ ಹಿಡಿದು ದೆವ್ವಗಳೊಡನೆ ಕಾದಾಡುವ ಬಿಳಿಗೂದಲಿನ ತರುಣ. ಅವನ ನಿಜವಾದ ಹೆಸರು ದಂಡಿನಶಿವರದಲ್ಲಿ ಯಾರ ನಾಲಗೆಗೂ ಒಗ್ಗಿರಲಿಲ್ಲ. ಕಥೆ ಈಗ ಅರ್ಧ ದಾರಿಗೆ ಬಂದಿತ್ತು. ಒಂದು ಹೊಡೆದಾಟ ಶುರುವಾದರೆ ವಾರವಾದರೂ ಮುಗಿಯುತ್ತಿರಲಿಲ್ಲ. ಎತ್ತಿದ ಕತ್ತಿ ಇಳಿಯುವಷ್ಟರಲ್ಲಿ ಹೊಡೆಯುವವನೂ ಹೊಡೆಸಿಕೊಳ್ಳುವವನೂ ತಂತಮ್ಮ ಬಾಲ್ಯವನ್ನು ನೆನೆದು ಅತ್ತು ಮುಗಿಸುತ್ತಿದ್ದರು. ಒಬ್ಬೊಬ್ಬರ ಕಣ್ಣೂ ಎಳನೀರಿನಷ್ಟು ದಪ್ಪ. ನೀರೂ ಅಷ್ಟೇ ಬರುತ್ತಿತ್ತು.

ಧಾರಾವಾಹಿ ಬರುತ್ತಿದ್ದುದು ಹಿಂದಿಯಲ್ಲಿ. ಆ ಬೀದಿಗೆಲ್ಲ ಹಿಂದಿ ಬಲ್ಲವನು ಚಿತ್ತೇಶನೊಬ್ಬನೇ; ದಿನವೂ ಹೊಂಬಾಳಮ್ಮನ ಮನೆಯಲ್ಲಿ ಎಲ್ಲರಿಗೂ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವನೂ ಅವನೇ. ತಿಪಟೂರಿನ ಕೊಬ್ಬರಿ ಮಂಡಿಯ ಗುಮಾಸ್ತ. ಉತ್ತರದ ವ್ಯಾಪಾರಿಗಳೊಡನೆ ದಿನವೂ ಮಾತನಾಡುವವನು.

ಆ ಮಾತು ಎಷ್ಟೆಂಬುದು ಅವನಿಗೆ ಮಾತ್ರ ಗೊತ್ತಿತ್ತು. ಕೊಬ್ಬರಿ ಒಣಗಿದ್ದರೆ ‘ಮಾಲ್ ಸೂಖಾ ಹೈ’, ಹಸಿಯಿದ್ದರೆ ‘ಮಾಲ್ ಗೀಲಾ ಹೈ’. ಅಲ್ಲಿಗೆ ಅವನ ಹಿಂದಿ ಸಮಾಪ್ತ. ದೆವ್ವಗಳು ಹಸಿಯೋ ಒಣಗಿದವೋ ಎಂಬ ಚರ್ಚೆ ಧಾರಾವಾಹಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೊದಲ ದಿನ ಏನೋ ಒಂದೆರಡು ಮಾತು ಊಹಿಸಿ ಹೇಳಿದ. ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಮಗಳು ವನಜಾ ಕಾಫಿ ತಂದುಕೊಟ್ಟಳು. ಆ ಕಾಫಿಯ ಬಲದಿಂದ ಅವನು ಇಡೀ ಕಥೆಯನ್ನೇ ಕಟ್ಟಿಬಿಟ್ಟಿದ್ದ. ಮರದ ಮುಖವಾಡದ ದೆವ್ವರಾಜ ಬೇರೆ ಯಾರೂ ಅಲ್ಲ, ಕೆಂಡಣ್ಣನ ಸ್ವಂತ ಸೋದರಮಾವ. ಮಗಳನ್ನು ಕೊಡುವುದಿಲ್ಲವೆಂದು ಅವನು ಹಟ ಹಿಡಿದದ್ದೇ ಈ ಮಹಾಯುದ್ಧಕ್ಕೆ ಮೂಲ!

ಇತ್ತ ಹೊಂಬಾಳಮ್ಮ ಅಂಥ ಹಟವನ್ನೇನೂ ಹಿಡಿದಿರಲಿಲ್ಲ. ವನಜಾಳನ್ನು ಚಿತ್ತೇಶನಿಗೆ ಕೊಡುವುದೆಂದು ಮಾತಾಗಿತ್ತು. “ಅಟ್ಟದ ಮೇಲಿನ ಕಾಯಿ ಒಡೀದೆಯೇ, ಕಿವಿ ಹತ್ರ ಅಲ್ಲಾಡ್ಸಿ ಹೇಳ್ತೀನಿ ಒಳಗೆ ಕೊಬ್ಬರಿ ಹೆಂಗೈತೆ ಅಂತ. ಮನ್ಸರೂ ಅಷ್ಟೇಯ. ಈ ಹುಡುಗನ ಸದ್ದೇ ಬ್ಯಾರೆ” ಎಂದು ಅವರು ಬೀದಿಯಲ್ಲೆಲ್ಲ ಹೇಳಿದ್ದರು.

ಆ ಕಾಯನ್ನು ಒಡೆಯುವವರು ಈಗ ಬಸ್ಸು ಹತ್ತಿ ಬರುತ್ತಿದ್ದರು.

ಚಿತ್ತೇಶ ಕೈತೊಳೆದವನೇ ಕೇಬಲ್ ನಡೆಸುವ ಮೈಲಾರಿಯ ಅಂಗಡಿಗೆ ಓಡಿದ.

“ಇವತ್ತೊಂದಿನ ನಮ್ಮ ಬೀದಿ ಕೇಬಲ್ ಕಟ್ ಮಾಡ್ಬುಡ್ಲಾ ಮೈಲಾರಿ.”

“ಯಾಕ್ಲಾ, ನಾನು ಊರಲ್ಲಿರೋದು ಇಷ್ಟ ಇಲ್ವಾ ನಿಂಗೆ? ಇವತ್ತು ಮುಖವಾಡ ಬೀಳ್ತೈತೆ ಅಂತ ನಿನ್ನೆಯೇ ತೋರ್ಸವ್ರೆ. ನಾನೇ ಅಂಗಡಿ ಬಾಗ್ಲು ಹಾಕ್ಕಂಡು ಬತ್ತಾ ಇದೀನಿ. ಹೌದೂ, ಆ ಸೋದರಮಾವ ಕೊನೇಗಾದ್ರೂ ಹೆಣ್ಣು ಕೊಡ್ತಾನಾ?”

ಚಿತ್ತೇಶ ಬಂದ ದಾರಿಯಲ್ಲೇ ಹಿಂದಿರುಗಿದ. ಮಧ್ಯಾಹ್ನದ ಹೊತ್ತಿಗೆ ಕೊರಳಿಗೆ ಟವೆಲ್ ಸುತ್ತಿಕೊಂಡು, ಗಂಟಲು ಕಟ್ಟಿದೆಯೆಂದು ಸನ್ನೆ ಮಾಡಿದ. ಎದುರು ಮನೆಯ ಮಂಜಮ್ಮ ಆ ಸನ್ನೆಗಾಗಿಯೇ ಕಾದಿದ್ದವರಂತೆ ಮೆಣಸಿನ ಕಷಾಯ ತಂದರು. ಮೊದಲ ಗುಟುಕಿಗೆ ಅವನ ಬಾಯಿಂದ ಹೊರಟ “ಅಯ್ಯಯ್ಯಪ್ಪೋ!” ಊರಬಾಗಿಲಿನವರೆಗೂ ಕೇಳಿಸಿತು.

“ನೋಡ್ದಾ, ಗಂಟ್ಲು ಬುಟ್ಕಂತು!” ಎಂದರು ಮಂಜಮ್ಮ ಹೆಮ್ಮೆಯಿಂದ.

ಉಳಿದದ್ದು ಕರೆಂಟಿನ ಮೇಲಿನ ಭರವಸೆಯೊಂದೇ. ಸಂಜೆ ಕರೆಂಟು ಎಂದಿನಂತೆ ಹೋಯಿತು. ಚಿತ್ತೇಶ ಮನದಲ್ಲೇ ಕೈಮುಗಿದ. ಮೇಷ್ಟ್ರು ಕೊಡೆಯನ್ನು ಮೂಲೆಗೊರಗಿಸಿ ಹೊಂಬಾಳಮ್ಮನ ನಡುಮನೆಯ ಕುರ್ಚಿಯಲ್ಲಿ ಕೂರುತ್ತಿದ್ದಂತೆ, ಕರೆಂಟು ಮರಳಿ ಬಂದು, ಫ್ಯಾನು ಗರಗರನೆ ತಿರುಗಿ, ಟಿ.ವಿ.ಯಲ್ಲಿ ಬಿಳಿಗೂದಲು ಹಾರಾಡಿತು.

ನಡುಮನೆ ಕಿಕ್ಕಿರಿದಿತ್ತು. ಚಿತ್ತೇಶ ಕಥೆ ಹೇಳಲು ಆರಂಭಿಸಿದ. ಮೇಷ್ಟ್ರು ಕಣ್ಣು ಮುಚ್ಚಿ, ತಲೆಯನ್ನು ಓರೆಯಾಗಿಸಿ, ಅವನ ಒಂದೊಂದು ಮಾತನ್ನೂ ತೂಗುವವರಂತೆ ಕುಳಿತಿದ್ದರು. ಪರದೆಯ ಮೇಲೆ ಸಿಡಿಲು ಹೊಡೆಯಿತು. ಕೆಂಡಣ್ಣನ ಏಟಿಗೆ ಮರದ ಮುಖವಾಡ ಎರಡು ಹೋಳಾಗಿ ನೆಲಕ್ಕುರುಳಿತು.

ಒಳಗಿದ್ದದ್ದು ಹೆಂಗಸು!

ಉದ್ದ ಜಡೆ, ತುಟಿಗೆ ಕೆಂಪು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಎಲ್ಲರ ಕತ್ತುಗಳೂ ಟಿ.ವಿ.ಯಿಂದ ಚಿತ್ತೇಶನತ್ತ ತಿರುಗಿದವು.

“ಇದೇನ್ರೀ ಇದು, ಸೋದರಮಾವನಿಗೆ ಜಡೆ?” ಎಂದಳು ವನಜಾ, ಕಾಫಿ ಲೋಟವನ್ನು ಕೊಡದೆ ಕೈಯಲ್ಲೇ ಹಿಡಿದು.

ಚಿತ್ತೇಶನ ಬೆನ್ನ ಮೇಲೆ ಬೆವರು ಸಾಲುಗಟ್ಟಿ ಇಳಿಯಿತು. “ಸೋದರಮಾವ... ತೀರ್ಕೊಂಡು ಎಷ್ಟೋ ವರ್ಷ ಆಗೈತಂತೆ,” ಎಂದ. “ಇವ್ರು ಅವರ ಹೆಂಡ್ತಿ. ಗಂಡ ಇಲ್ಲ ಅಂತ ಗೊತ್ತಾದ್ರೆ ದೆವ್ವಗಳು ಮಾತು ಕೇಳಲ್ಲ ಅಂತ, ಇಷ್ಟು ದಿನ ಗಂಡನ ಮುಖವಾಡ ಹಾಕ್ಕೊಂಡು ಮನೆತನ ನಡೆಸವ್ರಂತೆ...”

ಹೊಂಬಾಳಮ್ಮ ಅಳಲಿಲ್ಲ, ಮೇಷ್ಟ್ರ ಮುಖವನ್ನೇ ನೋಡಿದರು. “ಮೇಷ್ಟ್ರೇ, ನಿಜವೇ?”

ಮೇಷ್ಟ್ರು ನಿಧಾನವಾಗಿ ಕಣ್ಣು ತೆರೆದರು.

“ಅಕ್ಷರಶಃ ಸರಿ,” ಎಂದರು ಮೇಷ್ಟ್ರು. “ಇಂಥ ಹಿಂದಿ ಬಲ್ಲವನನ್ನು ನಾನು ಈ ಸೀಮೆಯಲ್ಲೇ ಕಂಡಿಲ್ಲ.”

ಆಗ ಹೊಂಬಾಳಮ್ಮ ಮನಸಾರೆ ಅತ್ತರು. ಮೈಲಾರಿ ಚಪ್ಪಾಳೆ ತಟ್ಟಿದ. ಕಾಫಿ ಬಂತು. ಮೊದಲ ಗುಟುಕು ಇಳಿಯುವ ಮೊದಲೇ ಹೊಂಬಾಳಮ್ಮ ಬೆಳಗಿನ ವಿಚಾರವನ್ನು ಬಿಚ್ಚಿದರು.

“ಬಸವರಾಜುನ ಕೊಬ್ಬರಿ ಲಾರಿ ನಾಳೆ ಬೆಳಿಗ್ಗೆ ಮಾಯಸಂದ್ರದಿಂದ ದಿಲ್ಲಿಗೆ ಹೊರಡ್ತೈತೆ. ಅಲ್ಲಿಯೋರು ಮಾತಲ್ಲೇ ಮುಳುಗಿಸ್ತಾರಂತೆ. ಎದುರು ಮಾತಾಡಕ್ಕೆ ನಮ್ಮೋನೊಬ್ಬ ಬೇಕಾಗಿತ್ತು. ಮೇಷ್ಟ್ರು ಸರಿ ಅಂದ್ರೆ ನಿನ್ನೇ ಕಳ್ಸೋದು ಅಂತ ಬಸವರಾಜು ಅಂದಿದ್ದ. ಹೋಗಿ ಮಾತಾಡ್ಕಂಡು ಬಾರಪ್ಪ. ಬಂದ ತಕ್ಷಣ ಲಗ್ನ.”

ಚಿತ್ತೇಶ ಲೋಟವನ್ನು ಅಲ್ಲೇ ಇಟ್ಟ. ಮೇಷ್ಟ್ರು ಆಗಲೇ ಬಸ್ ನಿಲ್ದಾಣದತ್ತ ಹೊರಟಿದ್ದರು. ಅವನು ಓಡಿಹೋಗಿ ಅವರ ಕಾಲಿಗೆರಗಿದ.

“ಸಾರ್, ನಾನು ಹೇಳಿದ್ದೆಲ್ಲ ಬುರುಡೆ ಅಂತ ನಿಮಗೆ ಗೊತ್ತು. ಆದ್ರೂ ನನ್ನ ಮಾನ ಉಳಿಸಿದ್ರಿ. ಇನ್ನೊಂದು ಉಪಕಾರ ಮಾಡಿ. ಬೆಳಗಾಗೋದ್ರೊಳಗೆ ನಾಕು ಮಾತು ಹಿಂದಿ ಹೇಳ್ಕೊಡಿ!”

ಮೇಷ್ಟ್ರ ಕೈಯಿಂದ ಕೊಡೆ ಜಾರಿತು.

“ಬುರುಡೆಯೇ?” ಎಂದು ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಪ್ರಶ್ನೋತ್ತರ ಬಾಯಿಪಾಠ ಮಾಡ್ಸಿ ಪೆನ್ಷನ್ ತಗೊಂಡೋನಯ್ಯಾ ನಾನು. ದೆವ್ವಗಳು ಆಡೋ ಹಿಂದಿ ನನಗೆಲ್ಲಿ ಅರ್ಥ ಆಗ್ಬೇಕು? ನಮ್ಮ ಬೀದಿಗೂ ದಿನಾ ನಾನೇ ಕಥೆ ಹೇಳ್ಬೇಕು. ಮುಖವಾಡದೋನು ಆ ಹುಡುಗನ ತಾತ ಅಂತ ಹೇಳ್ಬಿಟ್ಟಿದೀನಿ. ಇಲ್ಲೊಬ್ಬ ಹಿಂದಿ ಬಲ್ಲೋನು ಇದ್ದಾನೆ, ನಿಜವಾದ ಕಥೆ ಕೇಳಿ ತಿದ್ಕೊಳ್ಳೋಣ ಅಂತ ಬಂದೆ!”

ಬಸ್ಸು ಬಂತು. ಮೇಷ್ಟ್ರು ಮೆಟ್ಟಿಲೇರಿ, ಏನೋ ನೆನೆದು ತಿರುಗಿದರು.

“ಹೆಂಗೂ ದಿಲ್ಲಿಗೆ ಹೋಗ್ತಿದ್ದೀಯಲ್ಲ, ಅಲ್ಲಿ ಯಾರನ್ನಾದ್ರೂ ಕೇಳಪ್ಪ, ಆ ಹೆಂಗಸು ಯಾರು ಅಂತ. ನನಗೂ ಒಂದು ಫೋನ್ ಮಾಡು.”

ಬಸ್ಸು ಹೊರಟಿತು. ಬೀದಿಯ ತುದಿಯಿಂದ ಹೊಂಬಾಳಮ್ಮ ಕೂಗುತ್ತಿದ್ದರು: “ಚಿತ್ತೇಶಪ್ಪಾ, ದಾರಿಗೆ ಕೋಡುಬಳೆ ಕರೀಲೋ, ಚಕ್ಕುಲಿಯೋ?”

ಬೆವರಿನಿಂದ ಅಂಗಿಯೆಲ್ಲ ತೊಯ್ದು ನಿಂತಿದ್ದ ಚಿತ್ತೇಶನ ಬಾಯಿಂದ, ಅವನು ಬಲ್ಲ ಹಿಂದಿಯಲ್ಲಿ ಆ ಸಂದರ್ಭಕ್ಕೆ ತಕ್ಕ ಒಂದೇ ಒಂದು ವಾಕ್ಯ ತಾನಾಗಿ ಹೊರಬಿತ್ತು:

“ಮಾಲ್ ಗೀಲಾ ಹೈ.”