ಅಂಗಳ ದಾಟದ ಮದುವೆ

ಮದುವೆಯ ವಿಡಿಯೋ ಮಾಡುವವರ ಮನೆಯಲ್ಲಿ ಮದುವೆಮನೆಗಿಂತ ಜಾಸ್ತಿ ಗಲಾಟೆ, ಅದೂ ಪ್ರತಿ ಮದುವೆಗೂ. ಕುಂದಾಪುರ ಪೇಟೆಯಲ್ಲಿ ಮುಂದೆ ನಮ್ಮ ಸ್ಟುಡಿಯೋ, ಹಿಂದೆ ಅಂಗಳ, ಅದರಾಚೆ ಮನೆ. ನಮ್ಮನೆಯವರು ಶೂಟ್ ಮಾಡಿ ಸ್ಟುಡಿಯೋದ ಕಂಪ್ಯೂಟರಿಗೆ ಇಳಿಸುತ್ತಾರೆ, ನಾನು ಮನೆಯ ಕಂಪ್ಯೂಟರಿನಲ್ಲಿ ಎಡಿಟ್ ಮಾಡುತ್ತೇನೆ. ಬೆಳಿಗ್ಗೆ ಕಟ್ಟಿದ ತಾಳಿ ಸಂಜೆ ರಿಸೆಪ್ಶನ್ನಿನ ಪರದೆ ಮೇಲೆ ಕಾಣಬೇಕು. ಕಾಣದಿದ್ದರೆ ನಮ್ಮ ಮಾನ ಮೂರು ಕಾಸಿಗೆ ಹರಾಜು. ಕಷ್ಟವೆಲ್ಲ ಆ ಅಂಗಳ ದಾಟುವುದರಲ್ಲಿ.

೧. ಬಾವಿಗೆ ಬಿದ್ದದ್ದು

ಮೊದಮೊದಲು ಇವರು ಕ್ಯಾಮೆರಾದ ಕಾರ್ಡನ್ನು ಎಲ್ಲೂ ಇಳಿಸದೆ ಕೈಯಲ್ಲೇ ತರುತ್ತಿದ್ದರು. ಒಂದು ದಿನ ಬಾವಿಕಟ್ಟೆ ಹತ್ತಿರ ಫೋನ್ ಬಂತು. ಜೇಬಿನಿಂದ ಫೋನ್ ಎಳೆದರು, ಜೊತೆಗೆ ಬಂದ ಕಾರ್ಡು ಬಾವಿಗೆ! ನನಗೆ ಬಂದ ಸಿಟ್ಟಿಗೆ ಇವರನ್ನೂ ದೂಡಿಬಿಡುತ್ತಿದ್ದೆ, ಅಷ್ಟರಲ್ಲಿ ತಾವೇ ಇಳಿದರು. ಬೇಸಿಗೆಯಾದ್ದರಿಂದ ನೀರು ಮೊಣಕಾಲಿನಷ್ಟೇ. ಸಿಕ್ಕಿದ ಕಾರ್ಡನ್ನು ಅತ್ತೆ ಒಣಮೀನಿನ ಪಕ್ಕ ಬಿಸಿಲಿಗೆ ಇಟ್ಟರು. ದೇವರು ದೊಡ್ಡವನು, ಫೈಲೆಲ್ಲ ಇತ್ತು.

ಸಂಜೆ ಮದುಮಗ, "ವಿಡಿಯೋ ಭಾರೀ ಕ್ಲೀನ್ ಬಂದಿತ್" ಎಂದ.

ಬಾರದೇ ಇರುತ್ತಾ, ತೊಳೆದದ್ದಲ್ವಾ!

೨. ಅಲ್ಲಾಡ್ಬೇಡಿ

ಇನ್ನು ಕಾರ್ಡು ಅಂಗಳ ದಾಟಬಾರದೆಂದು ಅತ್ತೆಯ ಆರ್ಡರ್ ಆಯಿತು. ಸರಿ, ವೈಫೈ ಹಾಕಿಸಿದೆವು. ಒಂದು ಮದುವೆ ಕಾಪಿಗೆ ಹಾಕಿದರೆ "ಉಳಿದದ್ದು ಐದು ಗಂಟೆ" ಎಂದು ತೋರಿಸುತ್ತಿತ್ತು. ಅಂಗಳದಲ್ಲಿ ಯಾರಾದರೂ ಓಡಾಡಿದರೆ ಇನ್ನೂ ನಿಧಾನ ಆಗುತ್ತದೆಂದು ಇವರ ನಂಬಿಕೆ. ಅತ್ತೆಗೆ ಬಟ್ಟೆ ಒಣಗಿಸಲಿಕ್ಕೂ ಪರ್ಮಿಶನ್ ಇಲ್ಲ.

ಒಂದು ದಿನ ಆಲ್ಬಮ್ ಒಯ್ಯಲು ಸಿದ್ದಾಪುರದವರೊಬ್ಬರು ಬಂದರು. ಅಂಗಳಕ್ಕೆ ಕಾಲಿಟ್ಟದ್ದೇ ಇವರು ಸ್ಟುಡಿಯೋದ ಕಿಟಕಿಯಿಂದ, "ಹ್ವಾಯ್, ಅಲ್ಲೇ ನಿಲ್ಲಿ! ಅಲ್ಲಾಡ್ಬೇಡಿ!" ಎಂದು ಕೂಗಿ ಒಳಗೆ ಹೋದವರು ಮರೆತೇಬಿಟ್ಟರು. ನಾನು ಕಾಫಿ ಮಾಡಿ ಹೊರಗೆ ಬಂದು ನೋಡಿದರೆ, ಪಾಪ, ಆ ಮನುಷ್ಯ ಬಿಸಿಲಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ.

"ಎಂತಕ್ಕೆ ಹೀಂಗ್ ನಿಂತದ್ದ್?" ಎಂದೆ.

"ಪಟ ತೆಗಿತ್ರ್ ಅಂದೇಳಿ ಎಣ್ಸಿದೆ. ಇನ್ನ್ ಬಾಯಿ ಮುಚ್ಲಕ್ಕಾ?"

೩. ಕೋಡಿಯ ಗಂಟು

ಕೊನೆಗೆ ಸ್ಟುಡಿಯೋದ ಕಂಪ್ಯೂಟರಿನಿಂದ ಮನೆಯದಕ್ಕೆ ಅಂಗಳದ ಮೇಲಿಂದ ನೀಲಿ ಕೇಬಲ್ ಎಳೆಸಿದೆವು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಫೈಲು ಒಂದು ಕಾಫಿ ಕುಡಿಯುವುದರೊಳಗೆ ಬರತೊಡಗಿತು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಹಾಗಿರುವಾಗ ಒಂದು ಬೈಂದೂರಿನ ಮದುವೆ. ಮದುಮಗಳ ಸೋದರಮಾವ ಕಡಲತಡಿಯ ಕೋಡಿಯವರು, ಮೀನಿನ ಬೋಟಿನವರು. ಮಧ್ಯಾಹ್ನವೇ ಬಂದು, "ಪರದೆಲಿ ತೋರಿಸ್ತ್ರ್ ಅಂದೇಳಿ ಇಡೀ ಕೋಡಿಗೆ ಹೇಳಿ ಆಯ್ತ್. ವಿಡಿಯೋ ಹಿಡ್ಕಂಡೇ ಹೋಪ್ದ್" ಎಂದು ಅಂಗಳದಲ್ಲಿ ಕೂತರು.

ಅರ್ಧ ಕಾಪಿಯಾದದ್ದೇ, ಹಾಳಾದ್ದು, ಮತ್ತೆ "ಉಳಿದದ್ದು ಐದು ಗಂಟೆ"! ಇವರು ಕಾರ್ಡನ್ನೇ ತರುತ್ತೇನೆ ಎಂದರು. ಅತ್ತೆ ಬಾವಿಯತ್ತ ಬೆರಳು ತೋರಿಸಿದರು.

ಹೊರಗೆ ಬಂದು ನೋಡುತ್ತೇನೆ, ಜೋಲುತ್ತಿದ್ದ ಕೇಬಲ್ ಬಿಗಿಯಾಗಿ ತೆಂಗಿನಮರಕ್ಕೆ ಕಟ್ಟಿದೆ.

"ಬಳ್ಳಿ ಸಡ್ಲ ಇದ್ದಿತ್ ತಂಗಿ. ನಾನೇ ಬಿಗಿ ಮಾಡ್ದೆ" ಎಂದರು ಸೋದರಮಾವ, ಹೆಮ್ಮೆಯಿಂದ.

ಎಳೆದ ರಭಸಕ್ಕೆ ಸ್ಟುಡಿಯೋದಲ್ಲಿ ಪ್ಲಗ್ಗೇ ಕಿತ್ತು ಬಂದಿತ್ತು, ಫೈಲು ಹಳೇ ವೈಫೈಯಲ್ಲಿ ತೆವಳುತ್ತಿತ್ತು. ಪ್ಲಗ್ ಸಿಕ್ಕಿಸೋಣವೆಂದರೆ ಕೇಬಲ್ ಎಟುಕುವುದಿಲ್ಲ. ಗಂಟು ಬಿಚ್ಚಲು ನಾನೂ ಇವರೂ ಉಗುರು ಮುರಿದುಕೊಂಡೆವು.

"ಕೋಡಿ ಗಂಟ್ ಅದ್. ಯಾರಿಗೂ ಬಿಚ್ಚುಕೆ ಆತಿಲ್ಲೆ" ಎಂದು ಮಾವ ನಗುತ್ತಿದ್ದಾರೆ!

"ಅಣ್ಣಯ್ಯ, ನಿಮ್ಮ್ ಸೋದರಸೊಸೆ ಮದಿ ಬಪ್ಪುದೇ ಆ ಬಳ್ಳಿಯೊಳಗೆ ಮಾರಾಯ್ರೆ!" ಎಂದು ಕಿರುಚಿದೆ.

ಮಾವ ಧಡಕ್ಕನೆ ಎದ್ದು ಬಂದು ಗಂಟಿಗೆ ಕೈ ಹಾಕಿದರು. ಒಂದೇ ಎಳೆತಕ್ಕೆ ಗಂಟು ಬಿಚ್ಚಿತು. ಪ್ಲಗ್ ಸಿಕ್ಕಿಸಿದೆವು, ಹಸಿರು ದೀಪ ಮಿನುಗಿತು, ಮದುವೆ ಅಂಗಳ ದಾಟಿ ಬಂತು. ಎಡಿಟ್ ಮುಗಿಸಿ ಬೈಂದೂರಿಗೆ ಓಡಿದೆವು. ಪರದೆ ಮೇಲೆ ತಾಳಿ ಕಂಡು ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿದಾಗ ನನಗೆ ಹೋದ ಜೀವ ಬಂತು. ಎರಡೆರಡು ಸಲ ಪಾಯಸ ಹಾಕಿಸಿಕೊಂಡೆ.

ಮಾವ ಸುಮ್ಮನಿರಬೇಕಲ್ಲ! ಪಂಕ್ತಿಪಂಕ್ತಿಗೂ ಹೋಗಿ, "ವಿಡಿಯೋ ಅಂಗಳದಲ್ಲಿ ಸಿಕ್ಕಿ ಬಿದ್ದಿತ್. ಬಿಡಿಸಿದ್ದ್ ನಾನೇ" ಎಂದು ಹೇಳುತ್ತಿದ್ದರು.

ಮರುದಿನ ಬ್ರಹ್ಮಾವರದಿಂದ ಫೋನ್: "ನಮ್ಮನೆ ಮದಿಗೂ ನೀವೇ ಬನ್ನಿ. ಆ ಬಳ್ಳಿ ಬಿಚ್ಚುವವರನ್ನ ಮಾತ್ರ ಮರಿಬೇಡಿ, ಅವ್ರಿಲ್ದೇ ನಿಮ್ಮ್ ವಿಡಿಯೋ ಬತ್ತಿಲ್ಲೆ ಅಂಬ್ರಲೆ!"