ಮೂರು ಫೋನಿಗೆ ಒಂದು ಬ್ಯಾಂಡು

ಮುದ್ದೇಬಿಹಾಳದ ಜಯಮಾಲಾ ಒಂದು ಹೊತ್ತಿನ ಊಟ ಬಿಟ್ಟಾಳು, ಬೆಳಗಿನ ಗುಡಿ ಬಿಡಳು. ನಸುಕಿನಲ್ಲೇ ಮಿಂದು, ಮಡಿ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಬಳೆಯ ಹೊರತು ಬೇರೇನೂ ಇಲ್ಲದೆ ಬರಿಗಾಲಲ್ಲಿ ಬಸವಣ್ಣನ ಗುಡಿಗೆ ಹೋಗಿ, ಸುತ್ತು ಹಾಕಿ ಬರುತ್ತಾಳೆ. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ.

ಆದ್ದರಿಂದಲೇ, ಹೋಳಿ ಹುಣ್ಣಿಮೆ ಮುಗಿದ ಮೇಲೆ ಓಣಿಯ ಹೆಂಗಸರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆಂದು ತಿಳಿದಾಗ ಹಿಂದೆಮುಂದೆ ನೋಡದೆ ಹೇಳಿಬಿಟ್ಟಳು: "ದಿನಾ ನಡಿಯೋ ಕಾಲು ಇವು. ಶ್ರೀಶೈಲ ಅಂದ್ರ ಎಷ್ಟರ ದೂರ?"

ಸಿಂದಗಿಯಲ್ಲಿ ನರ್ಸ್ ಆಗಿರುವ ಮಗಳು ದಾನೇಶ್ವರಿ ಫೋನಿನಲ್ಲೇ ತಡೆದಳು. "ಅವ್ವಾ, ನಿನಗ ಸಕ್ಕರಿ ಐತಿ, ಮಣಕಾಲ ಬ್ಯಾನಿ ಐತಿ. ಕೈಗೆ ಕಟ್ಟೋ ಬ್ಯಾಂಡು ಕಳಸ್ತೇನಿ. ನೀ ಎಷ್ಟು ನಡದಿ ಅಂತ ಫೋನಿಗೆ ಹೇಳ್ತೈತಿ, ನಾ ಇಲ್ಲಿಂದ ನೋಡ್ತೇನಿ. ಚಲೋ ನಡದಿದ್ರ ಹೋಗು. ಇಲ್ಲಂದ್ರ ಶ್ರೀಶೈಲದ ಮಲ್ಲಯ್ಯಗ ಮನ್ಯಾಗಿಂದನ ಕೈಮುಗಿ."

"ಕಳಸು. ನನಗೇನ ಅಂಜಿಕಿ?"

ಬ್ಯಾಂಡು ಬಂತು. ಅದನ್ನು ಫೋನಿಗೆ ಜೋಡಿಸುವ ಭಾರ ಗಂಡ ಚನ್ನಬಸಯ್ಯ ಹೊತ್ತ. "ಆಫೀಸಿನ್ಯಾಗ ಕಂಪ್ಯೂಟರ ಕೆಟ್ರ ನನ್ನನ್ನ ಕರೀತಿದ್ರು" ಎಂದ. ಕರೆಯುತ್ತಿದ್ದದ್ದು ನಿಜ, ಪ್ಲಗ್ಗು ಕಿತ್ತು ಮತ್ತೆ ಹಾಕುವುದಕ್ಕೆ.

ಮೊದಲು ಪರೀಕ್ಷೆಗೆಂದು ತನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಮಗಳಿಗೂ ಕಾಣುವಂತೆ ಮಾಡಿ ಬ್ಯಾಂಡು ಜೋಡಿಸಿದ, ಆಮೇಲೆ ಹೆಂಡತಿಯ ಫೋನಿನಲ್ಲಿ. ಬ್ಯಾಂಡು ಮೊದಲು ಕೈಹಿಡಿದ ಫೋನನ್ನು ಬಿಡದ ಮಹಾ ಪತಿವ್ರತೆ ಎಂಬುದು ಪಾಪ, ಅವನಿಗೇನು ಗೊತ್ತು?

ಮರುದಿನವೇ ಸಿಂದಗಿಯಿಂದ ಫೋನು. "ಅವ್ವಾ, ನಿನ್ನ ಹೆಸರಿಗೆ ಸೊನ್ನಿ ಐತಿ. ಅಪ್ಪ ಮಾತ್ರ ಭಾಳ ನಡದಾನ. ಶಾಬಾಸ್ ಅಪ್ಪಾ."

ಓಣಿಯ ತುದಿಯ ಅಂಗಡಿಗೂ ಮೋಟರ್‌ಸೈಕಲ್ಲಿನ ಮೇಲೇ ಹೋಗುವ ಚನ್ನಬಸಯ್ಯ, "ಏನೋ, ಇದ್ದಷ್ಟು ಶಕ್ತಿ" ಎಂದು ವಿನಯದಿಂದ ತಲೆ ತಗ್ಗಿಸಿದ.

"ಅದು ನನ್ನ ನಡಿಗಿರಿ" ಎಂದಳು ಜಯಮಾಲಾ.

"ಹೆಂಡ್ತಿ ಪುಣ್ಯಾದಾಗ ಗಂಡಗ ಅರ್ಧ ಪಾಲು ಅಂತಾರಲ್ಲ."

"ಅರ್ಧ ಒಯ್ದಿದ್ರ ಸುಮ್ಮನಿರ್ತಿದ್ದೆ. ನೀವು ಇಡೀ ಒಯ್ದೀರಿ."

ಬಟ್ಟಲು ತಿರುಗಿ ಕೊಡಲು ಬಂದ ಪಕ್ಕದ ಮನೆಯ ಅಖ್ತರಬೇಗಂ ಇದನ್ನೆಲ್ಲ ಕೇಳಿಸಿಕೊಂಡಳು. "ನಮ್ಮ ಸೊಸಿದೂ ಹಿಂಗ ಆಗಿತ್ರಿ ಅಕ್ಕಾರ. ಒಮ್ಮೆ ಬ್ಯಾರೆ ಫೋನಿಗೆ ಹಚ್ಚಿ ಬಿಡಿಸಿದ್ರ ಹಳೇದನ್ನ ಮರೀತೈತಿ" ಎಂದು ತನ್ನ ಫೋನನ್ನೇ ಚನ್ನಬಸಯ್ಯನ ಕೈಗಿತ್ತಳು. ಅವನು ಹಚ್ಚಿದ. ಬಿಡಿಸುವುದು ಆಗಲಿಲ್ಲ.

ಮರುದಿನ ಮುಂಜಾನೆ ಜಯಮಾಲಾ ಗುಡಿಯಿಂದ ಬಂದು, ಬ್ಯಾಂಡು ಕಟ್ಟಿಕೊಂಡು, ಅಡುಗೆಗೆ ಕೂತಿದ್ದಳು. ಗೋಡೆಯಾಚೆಯಿಂದ ಬೇಗಂಳ ದನಿ ಕೇಳಿತು. "ಅಕ್ಕಾರ, ನಾ ಇನ್ನೂ ಹಾಸಿಗ್ಯಾಗ ಅದೇನ್ರಿ. ನನ್ನ ಫೋನು 'ನಿಮ್ಮ ಇಂದಿನ ಗುರಿ ಮುಟ್ಟಿದಿರಿ' ಅಂತ ಕುಣ್ಯಾಕತ್ತೈತಿ."

ಭಾನುವಾರ ಮೂರೂ ಫೋನುಗಳು ಮಂಚದ ಮೇಲೆ ಸಾಲಾಗಿ ಮಲಗಿದವು. ಅಪ್ಪನ ಫೋನಿಗೆ ಕರೆ ಮಾಡಿದ ದಾನೇಶ್ವರಿ, "ಅವ್ವನ ಫೋನ್ ಬಿಟ್ಟು ಉಳಿದ ಎರಡರಾಗೂ ಬ್ಲೂಟೂತ್ ಬಂದ್ ಮಾಡು" ಎಂದಳು. ಅಪ್ಪ ಫೋನನ್ನೇ ಬಂದ್ ಮಾಡಿದ. ಮಗಳ ಮಾತು ಅರ್ಧಕ್ಕೇ ನಿಂತಿತು. ಮತ್ತೆ ಅವ್ವನ ಫೋನಿಗೆ ಕರೆ, ಮತ್ತೆ ಮೊದಲಿನಿಂದ ಪಾಠ. ಎರಡು ಸಲ ಚಹಾ ಆಯಿತು. ಬೇಗಂಳ ಫೋನಿನಲ್ಲಿದ್ದ ಮೊಮ್ಮಗನ ಆಟವೊಂದು ಅಳಿಸಿಹೋಯಿತು. ಊಟದ ಹೊತ್ತಿಗೆ ಬ್ಯಾಂಡು ಕಡೆಗೂ ಜಯಮಾಲಾಳ ಫೋನಿಗೆ ಒಲಿಯಿತು. ಅಷ್ಟರಲ್ಲಿ ಅವಳಿಗೆ ಶ್ರೀಶೈಲಕ್ಕೆ ಹೋಗಿ ಬಂದಷ್ಟು ದಣಿವಾಗಿತ್ತು.

ಮರುದಿನ ಮಗಳ ಫೋನಿಗಾಗಿ ಅವಳು ಕಾದೇ ಕೂತಿದ್ದಳು.

"ಬಂತು ಅವ್ವಾ, ನಿನ್ನ ಹೆಸರಿಗೇ ಬಂತು. ಆದ್ರ ನಸುಕಿನ್ಯಾಗ ಸೊನ್ನಿ ಐತಲ್ಲ? ಏಳರಿಂದ ಎಂಟರ ತನಕ ಮಾತ್ರ ಭಯಂಕರ ನಡದೀದಿ. ಆವಾಗ ಎಲ್ಲಿಗೆ ಹೋಗಿದ್ದಿ?"

ಜಯಮಾಲಾಳಿಗೆ ಸುಳ್ಳು ಹೇಳಿ ರೂಢಿಯಿಲ್ಲ.

"ಎಲ್ಲಿಗೂ ಹೋಗಿದ್ದಿಲ್ಲವಾ. ಒಲಿ ಮುಂದ ಕುಂತು ರೊಟ್ಟಿ ಬಡ್ಯಾಕತ್ತಿದ್ದೆ."

"ಮತ್ತ ಗುಡಿಗೆ ಹೋಗುವಾಗ?"

"ಆವಾಗ ಮಡಿ. ಬ್ಯಾಂಡು ತಗದು ಗೂಡಿನ್ಯಾಗ ಇಡ್ತೇನಿ."

ಸಿಂದಗಿಯ ಕಡೆಯಿಂದ ನಗು. "ಕೈ ಆಡಿದ್ರ ಅದಕ್ಕ ನಡಿಗಿ, ಅವ್ವಾ. ಅಂದ್ರ ಇಷ್ಟು ದಿನ ಅಪ್ಪನೂ ಬೇಗಂ ಕಾಕುನೂ ನಡದದ್ದು ರೊಟ್ಟಿ ಮ್ಯಾಲೇ. ನಾಳೆ ಗುಡಿಗೆ ಕಟ್ಟಿಕೊಂಡು ಹೋಗು. ಖರೇ ನಡಿಗಿ ಬರಲಿ."

ಬಸವಣ್ಣನ ಕ್ಷಮೆ ಕೇಳಿ, ಮರುದಿನ ಬಳೆಗಳ ಹಿಂದೆ ಬ್ಯಾಂಡು ಕಟ್ಟಿ ಗುಡಿಗೆ ಹೋಗಿ ಬಂದಳು. ನಿಧಾನವಾಗಿ, ಒಂದು ಸುತ್ತು ಹೆಚ್ಚೇ ಹಾಕಿ ಬಂದಳು. ಫೋನಿನಲ್ಲಿ ಮಗಳ ದನಿ ಮೆತ್ತಗಾಗಿತ್ತು.

"ಅವ್ವಾ, ಗುಡಿ ನಡಿಗಿ ನಿನ್ನ ರೊಟ್ಟಿ ನಡಿಗಿ ಅರ್ಧಕ್ಕೂ ಬರಲಿಲ್ಲ."

ಗುಡಿ ಇದ್ದದ್ದು ಓಣಿಯ ತಿರುವಿನಲ್ಲೇ. ಇಷ್ಟು ವರ್ಷ ಅದು ದೂರವೆನಿಸಿದ್ದು ಕಾಲಿನಿಂದಲ್ಲ, ಭಕ್ತಿಯಿಂದ ಇರಬೇಕು.

"ಹೋಳಿ ಹುಣ್ಣಿಮಿಗೆ ಇನ್ನೂ ದಿನ ಅದಾವ" ಎಂದಳು ದಾನೇಶ್ವರಿ. "ಗುಡಿ ಮುಗಿಸಿ ಹಂಗ ಮುಂದ ಸಂತಿ ಬಯಲಿನ ತನಕ ಹೋಗಿ ಬಾ. ದಿನಾ ಹೋದ್ರ ನಾನ ನಿನ್ನ ಕಳಸ್ತೇನಿ."

ಸಂತೆ ಬಯಲಿಗೆ ಹೋಗಿಬಂದ ಮೊದಲ ದಿನವೇ ಮೊಣಕಾಲು ಬಾತುಕೊಂಡಿತು. ಎರಡನೆಯ ದಿನ ಬೆಳಗ್ಗೆ ಅವಳು ಗೋಡೆ ಹಿಡಿದು ಏಳುವುದನ್ನು ಕಂಡು ಚನ್ನಬಸಯ್ಯನಿಗೆ ಮರುಕ ಬಂತು. ತಿಂದ ಶಾಬಾಸಿನ ಋಣವೂ ಇತ್ತು.

"ಇವತ್ತು ಮನ್ಯಾಗ ಇರು, ಜಯಾ. ಬ್ಯಾಂಡು ನನ್ನ ಕೈಗೆ ಕಟ್ಟು. ಇಲ್ಲೇ ಕಟ್ಟಿ ಮ್ಯಾಲೆ ಕುಂತು ಗಂಟೆಗಟ್ಟಲೆ ಕೈ ಬೀಸ್ತೇನಿ. ಹೆಂಗೂ ಲೆಕ್ಕ ನಿನ್ನ ಹೆಸರಿಗೇ ಹೋಗ್ತೈತಿ. ಸಿಂದಗ್ಯಾಗ ಕುಂತಾಕಿಗೆ ಏನ ಗೊತ್ತಾಗ್ತೈತಿ?"

ಜಯಮಾಲಾ ಕೈಯಲ್ಲಿದ್ದ ಬ್ಯಾಂಡನ್ನೂ ಗಂಡನ ಮುಖವನ್ನೂ ನೋಡಿದಳು. ಮೊಣಕಾಲು 'ಹೂಂ ಅನ್ನು' ಎಂದಿತು.

"ಬ್ಯಾಡ್ರಿ" ಎಂದಳು. "ಬೆಟ್ಟಾ ಹತ್ತೋದು ನನ್ನ ಕಾಲು."

ಬ್ಯಾಂಡು ಕಟ್ಟಿಕೊಂಡು ಹೊಸ್ತಿಲು ದಾಟಿದವಳು, ಒಂದು ಗಳಿಗೆ ನಿಂತು ಹಿಂದಿರುಗಿ ನೋಡಿದಳು.

"ಅಷ್ಟು ಕೈ ಬೀಸಬೇಕು ಅನಸಿದ್ರ, ಪರಾತದಾಗ ರೊಟ್ಟಿ ಹಿಟ್ಟು ಐತಿ ನೋಡ್ರಿ."